ಬಾಗಿಲು ಒಂದು ಗೇಣು ತೆರೆದಾಗ

ಕಳೆದ ಜುಲೈ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಸುಮಾರು ಆರೂ ಐವತ್ತಕ್ಕೆ, ದುಬಾರೆ ಕಡೆಯ ತೋಟದ ರಸ್ತೆಯಲ್ಲಿ ನಮ್ಮ ಕಾರಿನ ನಾಲ್ಕೂ ಕಿಟಕಿಗಳು ಕೆಲಸ ನಿಲ್ಲಿಸಿದವು. ಆ ಹೊತ್ತಿಗೆ ಕಾರಿನಲ್ಲಿದ್ದದ್ದು ನನ್ನ ಹೆಂಡತಿ ಒಬ್ಬಳೇ. ಗಾಜುಗಳು ನಾಲ್ಕೂ ಪೂರ್ತಿ ಮೇಲಿದ್ದವು. ಸಂಜೆ ನಾಲ್ಕೂವರೆಗೆ ಮನೆಗೆ ಬಂದವಳು ಕೊಡೆ ಮಡಚಿ ಜಗಲಿಯ ಮೂಲೆಗಿಟ್ಟು, ಗ್ಲಾಸ್ ಇಳೀತಿಲ್ಲ, ನಾಲ್ಕೂ, ಎಂದು ಹೇಳಿ ಒಳಗೆ ಹೋದಳು. ನನಗೆ ಸಿಕ್ಕ ಮೊದಲ ವರದಿ ಅಷ್ಟೇ.

ಕಾರಿನ ಕಿಟಕಿ ಕೆಡುವುದು ಸುದ್ದಿಯಲ್ಲ. ಅವಳಿಗೆ ಅದು ಯಾಕೆ ದೊಡ್ಡ ವಿಷಯ ಎಂಬುದನ್ನು ಮೊದಲು ಹೇಳಬೇಕು.

ನಮ್ಮ ಮನೆ ಇರುವುದು ಕುಶಾಲನಗರದ ಹೊರಗೆ. ನಮ್ಮ ತಂದೆ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಗದ್ದೆ ಈಗ ತಮ್ಮನ ಪಾಲಿಗಿದೆ. ನಾನು ಮೂವತ್ತೊಂದು ವರ್ಷ ಜಿಲ್ಲೆಯ ಸುದ್ದಿ ಬರೆದು, ತಿದ್ದಿ, ಎರಡು ವರ್ಷದ ಹಿಂದೆ ಕೆಲಸ ಬಿಟ್ಟೆ. ಹೆಂಡತಿ ನನಗಿಂತ ಆರು ವರ್ಷ ಚಿಕ್ಕವಳು. ಅವಳು ಕಾಫಿ ತೋಟವೊಂದರಲ್ಲಿ ರೈಟರ್. ಹಾಜರಿ ಹಿಡಿಯುವುದು, ಯಾವ ಗುಂಪು ಯಾವ ಬ್ಲಾಕಿಗೆ ಎಂದು ಮೇಸ್ತ್ರಿಗೆ ಬರೆದುಕೊಡುವುದು, ಸಂಬಳದ ಪಟ್ಟಿ, ಗೊಬ್ಬರದ ಲೆಕ್ಕ, ಕೆಲಸದವರು ವಾಸಿಸುವ ಲೈನ್‌ಮನೆಗಳಲ್ಲಿ ಯಾರಿಗೆ ಜ್ವರ, ಯಾರ ಮಗುವಿಗೆ ಚುಚ್ಚುಮದ್ದು ಎಂಬ ವಿಚಾರಣೆ, ಎಲ್ಲ ಅವಳದೇ. ಏಳೂವರೆಗೆ ಹಾಜರಿ. ಅವಳು ಪುಸ್ತಕ ತೆರೆಯದೆ ಯಾರೂ ತೋಟಕ್ಕೆ ಇಳಿಯುವಂತಿಲ್ಲ. ಹಾಗಾಗಿ ಮಳೆಯಿರಲಿ, ಮಂಜಿರಲಿ, ಆರೂ ನಲವತ್ತಕ್ಕೆ ಅವಳ ಕಾರು ಗೇಟು ದಾಟಬೇಕು.

ಡಾಂಬರು ರಸ್ತೆ ಬಿಟ್ಟು ತೋಟದ ಕಡೆ ತಿರುಗಿದ ಮೇಲೆ ಮೂರೂವರೆ ಕಿಲೋಮೀಟರ್ ದಾರಿಯಿದೆ. ಎಡಕ್ಕೆ ಕಾಫಿ, ಬಲಕ್ಕೆ ಸ್ವಲ್ಪ ದೂರ ಬಿದಿರು, ಆಮೇಲೆ ಎರಡೂ ಕಡೆ ಕಾಫಿ. ಹಲಸು ಹಣ್ಣಾಗುವ ತಿಂಗಳುಗಳಲ್ಲಿ ಆನೆಗಳು ಬೆಳಗಿನ ಜಾವದವರೆಗೂ ತೋಟದೊಳಗೇ ಇದ್ದು, ಬೆಳಕು ಹರಿಯುವಾಗ ಈ ದಾರಿ ದಾಟಿ ಕಾಡಿನ ಕಡೆ ಹೋಗುತ್ತವೆ. ಅದೇ ಹೊತ್ತಿಗೆ ಅವಳೂ ಅಲ್ಲಿ ಹೋಗುತ್ತಾಳೆ. ಜುಲೈಯಲ್ಲಿ ಆ ಹೊತ್ತಿನ ಮಂಜಿನಲ್ಲಿ ಕಾರಿನ ದೀಪ ಹತ್ತು ಮಾರು ಮುಂದಕ್ಕೆ ಹೋಗುವುದಿಲ್ಲ. ನೋಡಿ ತಿಳಿಯುವುದು ಆಗದ ಮಾತು. ಕೇಳಿ ತಿಳಿಯಬೇಕು. ಆ ದಾರಿಯಲ್ಲಿ ಓಡಾಡುವವರೆಲ್ಲ ಮಾಡುವುದು ಒಂದೇ: ತಿರುವಿಗೆ ಮುಂಚೆ ಎಂಜಿನ್ ನಿಲ್ಲಿಸಿ, ಗಾಜು ಇಳಿಸಿ, ಒಂದು ನಿಮಿಷ ಕಿವಿಗೊಡುವುದು. ಕೊಂಬೆ ಮುರಿಯುವ ಸದ್ದು, ಬಿದಿರು ಸೀಳುವ ಸದ್ದು, ಕೆಲವೊಮ್ಮೆ ಬರೀ ಆನೆಯ ಹೊಟ್ಟೆಯೊಳಗಿನ ಗುಡುಗು. ಗಾಳಿ ನಮ್ಮ ಕಡೆಗಿದ್ದರೆ ವಾಸನೆ. ಏನೂ ಇಲ್ಲವೆಂದರೆ ಮುಂದೆ ಹೋಗುವುದು.

ಗಾಜು ಇಳಿಯದ ಕಾರಿನಲ್ಲಿ ಅವಳು ಆ ದಾರಿಯಲ್ಲಿ ಕಿವುಡಿಯಾದಂತೆ.

ಕಾರಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹದಿನೇಳು ವರ್ಷ ಹಳೆಯದು, ಬೂದಿ ಬಣ್ಣ. ತೋಟದ ಹಿಂದಿನ ಮ್ಯಾನೇಜರ್ ವರ್ಗವಾಗಿ ಹೋಗುವಾಗ ಅವಳೇ ಮಾತಾಡಿ ಕೊಂಡದ್ದು. ಡ್ರೈವಿಂಗ್ ಕಲಿತಾಗ ಅವಳಿಗೆ ನಲವತ್ತೆಂಟು. ಅದಕ್ಕೆ ಮುಂಚೆ ತೋಟದ ಜೀಪು ಕಾಯುತ್ತಿದ್ದಳು. ಜೀಪು ಬಂದರೆ ಬಂತು. ಕಾರು ಬಂದ ಮೇಲೆ ಏಳು ವರ್ಷ ಅವಳು ಒಂದು ದಿನವೂ ತಡವಾಗಿ ಹಾಜರಿ ಹಿಡಿದಿಲ್ಲ. ಇದನ್ನು ಅವಳು ಹೇಳಿದ್ದಲ್ಲ, ಮೇಸ್ತ್ರಿ ಹೇಳಿದ್ದು.

ಆ ಏಳು ವರ್ಷಗಳಲ್ಲಿ ಐದು ವರ್ಷ ಅವಳು ಹೊರಡುವ ಹೊತ್ತಿಗೆ ನಾನು ನಿದ್ದೆಯಲ್ಲಿರುತ್ತಿದ್ದೆ. ಪತ್ರಿಕೆ ಅಚ್ಚಿಗೆ ಹೋದ ಮೇಲೆ ಮನೆ ಸೇರುವವನಿಗೆ ಬೆಳಗಿನ ಆರೂ ನಲವತ್ತು ಗೊತ್ತಿರುವುದಿಲ್ಲ. ಕೆಲಸ ಬಿಟ್ಟ ಮೇಲೆ ಎದ್ದು, ಕಾಫಿ ಮಾಡಿ, ಗೇಟು ತೆಗೆದು ನಿಲ್ಲುತ್ತೇನೆ. ಆದರೆ ಗೇಟಿನ ಆಚೆಗೆ ಅವಳು ಹೇಗೆ ಹೋಗುತ್ತಾಳೆ ಎಂದು ವಿವರವಾಗಿ ಕೇಳಿರಲಿಲ್ಲ. ಹೋಗಿ ಬರುತ್ತಿದ್ದಳು.

ಬುಧವಾರ ಸಂಜೆ ನಾನೇ ನೋಡೋಣವೆಂದು ಕೂತೆ. ಕಾರಿನ ಜೊತೆ ಬಂದಿದ್ದ ಪುಸ್ತಕ ಇನ್ನೂ ಡ್ಯಾಶಿನಲ್ಲಿತ್ತು. ಅದರ ಪ್ರಕಾರ ಸ್ಟೀರಿಂಗ್ ಕೆಳಗೆ ಫ್ಯೂಸಿನ ಪೆಟ್ಟಿಗೆ. ಮೊಣಕಾಲೂರಿ, ಬಾಯಲ್ಲಿ ಟಾರ್ಚ್ ಕಚ್ಚಿ, ಕಿಟಕಿಯ ಫ್ಯೂಸನ್ನು ಅವಳ ಹುಬ್ಬಿನ ಚಿಮಟದಿಂದ ಕಿತ್ತೆ. ಒಳಗಿನ ತಂತಿ ತುಂಡಾಗಿರಲಿಲ್ಲ. ಪಕ್ಕದ ಒಳ್ಳೆಯ ಫ್ಯೂಸನ್ನು ಅಲ್ಲಿಗೆ ಹಾಕಿ, ಸೀಟಿಗೆ ಹತ್ತಿ ಬಾಗಿಲು ಎಳೆದುಕೊಂಡು ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಆಮೇಲೆ ಡ್ರೈವರ್ ಬಾಗಿಲಿನಲ್ಲಿರುವ ಲಾಕ್ ಗುಂಡಿ ನೋಡಿದೆ. ಮಕ್ಕಳು ಕಿಟಕಿ ಆಡಿಸದಿರಲೆಂದು ಅದನ್ನು ಒತ್ತಿಟ್ಟರೆ ಉಳಿದ ಮೂರು ಕಿಟಕಿ ಕೆಲಸ ಮಾಡುವುದಿಲ್ಲ. ಅದು ಒತ್ತಿರಲಿಲ್ಲ. ಅಷ್ಟರಲ್ಲಿ ಹೊರಗೆ ಬಂದವಳು ಚಿಮಟ ಕೇಳಿ ಪಡೆದು, ಸೀರೆಯ ಸೆರಗಿಗೆ ಒರೆಸಿಕೊಂಡು ಹೋದಳು.

ಗುರುವಾರ ಸಂಜೆ ಪೇಟೆಯ ಗ್ಯಾರೇಜಿಗೆ ಒಯ್ದೆ. ಅಲ್ಲಿಯವರು ಮಾತು ಮುಗಿಯುವ ಮುಂಚೆಯೇ ಮೇನ್ ಸ್ವಿಚ್ ಹೋಗಿದೆ ಎಂದರು. ನಾಲ್ಕೂ ಕಿಟಕಿಯ ಗುಂಡಿಗಳು ಡ್ರೈವರ್ ಬಾಗಿಲಿನಲ್ಲಿ ಒಂದೇ ತಟ್ಟೆಯಲ್ಲಿವೆ; ಅದು ಹೋದರೆ ನಾಲ್ಕೂ ಹೋಗುತ್ತವೆ. ಕೇಳಲು ಸರಿಯಾಗಿತ್ತು. ಹಳೆಯ ಕಾರುಗಳಿಂದ ಬಿಚ್ಚಿದ ಸಾಮಾನಿನ ರಾಶಿಯಿಂದ ಅಂಥದ್ದೇ ಒಂದು ಸ್ವಿಚ್ ಹುಡುಕಿ, ಬಾಗಿಲು ತೆರೆದಿಟ್ಟುಕೊಂಡು ಹಾಕಿದರು. ಗುಂಡಿ ಒತ್ತಿದರು. ಗಾಜು ಕುಂಯ್‌ಗುಟ್ಟುತ್ತ ಇಳಿಯಿತು, ಹತ್ತಿತು. ನಾಲ್ಕೂ. ನಾನು ಖುಷಿಯಲ್ಲಿ ಬಾಗಿಲು ಹಾಕಿಕೊಂಡು ಮನೆಗೆ ಬಂದೆ. ಗೇಟಿನಲ್ಲಿ ನಿಂತಿದ್ದ ಅವಳಿಗೆ ತೋರಿಸಲು ಗುಂಡಿ ಒತ್ತಿದೆ. ಗಾಜು ಅಲುಗಲಿಲ್ಲ.

"ಗ್ಯಾರೇಜಲ್ಲಿ ಆಗಿತ್ತು," ಎಂದೆ.

"ಗ್ಯಾರೇಜಲ್ಲಿ ಎಲ್ಲಾನೂ ಆಯ್ತದೆ," ಎಂದಳು.

ಅಂದು ಊಟಕ್ಕೆ ಕೂತಾಗ, ಕಿಟಕಿ ರಿಪೇರಿಯಾಗುವವರೆಗೆ ರಜೆ ಹಾಕು ಎಂದೆ. ಗೊಬ್ಬರ ಹಾಕುವ ಸಮಯ, ನಾಲ್ಕು ಗುಂಪು ನಾಲ್ಕು ಕಡೆ ಹೋಗುತ್ತಿವೆ, ಆಗಲ್ಲ ಎಂದಳು. ಹಾಗಾದರೆ ತೋಟದ ಜೀಪು ಕಳಿಸಲು ಹೇಳು ಎಂದೆ. ಜೀಪು ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯವರನ್ನು ತರಲು ಬೇರೆ ಕಡೆ ಹೋಗುತ್ತಿದೆಯಂತೆ. ಕೊನೆಗೆ, ನಾನೂ ಜೊತೆಗೆ ಬರುತ್ತೇನೆ ಎಂದೆ.

"ಬ್ಯಾಡ. ನೀವು ಬಂದ್ರೆ ಮಾತಾಡ್ತೀರ."

"ಸುಮ್ಮನೆ ಇರ್ತೀನಿ."

"ಮೂವತ್ತು ವರ್ಷದಿಂದ ನೋಡ್ತಾ ಇದ್ದೀನಿ ರೀ. ಸುಮ್ಮನಿರೋದು ಅಂದ್ರೆ ನಿಮಗೆ ಮೆಲ್ಲಗೆ ಮಾತಾಡೋದು."

ಶುಕ್ರವಾರ ಅವಳು ಒಬ್ಬಳೇ ಹೋದಳು.

ಆ ಬೆಳಿಗ್ಗೆ ಆರೂ ಐವತ್ತೈದಕ್ಕೆ ಆನೆಗಳ ಚಲನವಲನ ತಿಳಿಸುವ ವಾಟ್ಸ್ಆ್ಯಪ್ ಗುಂಪಿನಲ್ಲಿ, ಅದೇ ರಸ್ತೆಯ ಬಿದಿರಿನ ಹತ್ತಿರ ಒಂಟಿ ಸಲಗ ಇದೆ ಎಂಬ ಸಂದೇಶ ಬಂತು. ನಾನು ಅವಳಿಗೆ ಫೋನ್ ಮಾಡಿದೆ. ಲೈನ್ ಸಿಗಲಿಲ್ಲ. ಆ ದಾರಿಯಲ್ಲಿ ಎರಡು ಕಡೆ ಮಾತ್ರ ಸಿಗ್ನಲ್ ಇದೆ, ಸಿಗದಿದ್ದರೆ ಅದಕ್ಕೆ ಅರ್ಥವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಂಥ ಸಂದೇಶಗಳ ಮುಂದಿನ ಸಾಲುಗಳನ್ನು ನಾನು ವರ್ಷಗಟ್ಟಲೆ ಬರೆದಿದ್ದೇನೆ. ಕೆಲಸಕ್ಕೆ ತೆರಳುತ್ತಿದ್ದ ವೇಳೆ. ಸ್ಥಳಕ್ಕೆ ಅರಣ್ಯ ಸಿಬ್ಬಂದಿ ಭೇಟಿ. ನಾಲ್ಕು ಸಾಲು, ಹೆಚ್ಚೆಂದರೆ ಆರು, ಒಳಪುಟ. ಏಳೂ ನಲವತ್ತಕ್ಕೆ ತೋಟದ ಆಫೀಸಿನ ಫೋನಿಗೆ ಮಾಡಿದೆ. ಅವಳೇ ಎತ್ತಿದಳು. ಹಿಂದೆ ಜನರ ಗದ್ದಲ ಕೇಳುತ್ತಿತ್ತು. ಹಾಲಿನ ವ್ಯಾನಿನ ಹಿಂದೆ ಬಂದೆ, ಅದಕ್ಕೆ ಸ್ವಲ್ಪ ತಡ, ಈಗ ಹಾಜರಿ ಹಿಡೀತಿದ್ದೀನಿ, ಫೋನ್ ಇಡ್ಲಾ ಎಂದಳು. ಹತ್ತು ನಿಮಿಷ ತಡವಾಗಿತ್ತು. ಏಳು ವರ್ಷದಲ್ಲಿ ಮೊದಲ ಸಲ.

ಫೋನಿಟ್ಟ ಮೇಲೆ ನಾನು ಒಂದು ಹಳೆಯ ನೋಟ್‌ಬುಕ್ ತೆಗೆದೆ. ಗೊತ್ತಿಲ್ಲದ್ದನ್ನು ತಿಳಿಯಲು ನನಗೆ ಗೊತ್ತಿರುವ ವಿಧಾನ ಒಂದೇ. ತಾರೀಖು, ಹೊತ್ತು, ಸ್ಥಳ, ಎಂಜಿನ್ ಚಾಲೂ ಇತ್ತೇ, ಮಳೆ ಇತ್ತೇ, ಕಿಟಕಿ ಕೆಲಸ ಮಾಡಿತೇ ಎಂದು ಕಾಲಂಗಳನ್ನು ಎಳೆದೆ. ದಿನವೂ ಸಂಜೆ ಅವಳು ಕಾಲು ತೊಳೆದು ಕಾಫಿ ಹಿಡಿದು ಕೂತಾಗ ಕೇಳಿ ತುಂಬಿದೆ.

ಅವಳು ಒಳ್ಳೆಯ ಸಾಕ್ಷಿಯಲ್ಲ. ಹಾಜರಿ ಪುಸ್ತಕದಲ್ಲಿ ಒಬ್ಬಳು ಹತ್ತು ನಿಮಿಷ ಮುಂಚೆ ಹೋದರೂ ಬರೆದಿಡುವ ಹೆಂಗಸು ನನ್ನ ಪ್ರಶ್ನೆಗಳಿಗೆ ಒಂದೊಂದೇ ಪದ ಕೊಡುತ್ತಿದ್ದಳು. ಮನೆ ಮುಂದೆ? ಇಲ್ಲ. ಡಾಂಬರು ರಸ್ತೆಯಲ್ಲಿ? ಇಲ್ಲ. ತಿರುವಿನಲ್ಲಿ? ಸ್ವಲ್ಪ ಆಯ್ತು. ಎಷ್ಟು? ನಾಲ್ಕು ಬೆರಳು ಇಳೀತು. ಆಮೇಲೆ? ನಿಂತೋಯ್ತು. ಶನಿವಾರವೂ ತಿರುವಿನಲ್ಲಿ ಮಾತ್ರ. ಸೋಮವಾರ, ಮಂಗಳವಾರ ಎರಡು ತಿರುವಿನಲ್ಲೂ ಆಗಿತ್ತು. ಬೇರೆಲ್ಲೂ ಇಲ್ಲ.

ವಾರ ಕಳೆಯುವ ಹೊತ್ತಿಗೆ ನನ್ನ ಬಳಿ ಒಂದು ಸಿದ್ಧಾಂತ ತಯಾರಾಗಿತ್ತು. ಆ ತಿರುವುಗಳಲ್ಲಿ ರಸ್ತೆ ಎಡಕ್ಕೆ ವಾಲಿದೆ. ಬಾಗಿಲೊಳಗೆ ಮಳೆನೀರು ನಿಂತಿದೆ. ಕಾರು ವಾಲಿದಾಗ ನೀರು ಪಕ್ಕಕ್ಕೆ ಹರಿದು ಮೋಟಾರು ಬಿಡುವಾಗುತ್ತದೆ. ನೇರವಾದಾಗ ಮತ್ತೆ ಮುಳುಗುತ್ತದೆ. ಬಾಗಿಲಿನ ಕೆಳಗಿನ ಅಂಚಿನ ತೂತುಗಳಿಗೆ ಹಂಚಿಕಡ್ಡಿ ತೂರಿಸಿದೆ. ಒಂದು ಲೋಟದಷ್ಟೂ ನೀರು ಬರಲಿಲ್ಲ, ಆದರೂ ಸಿದ್ಧಾಂತ ಬಿಡಲಿಲ್ಲ. ವಾರವಿಡೀ ಅವಳ ಮುಖ ನೋಡಿ ಪ್ರಶ್ನೆ ಕೇಳಿದವನಿಗೆ, ಅವಳು ಒಂದು ಮಾತು ನುಂಗುತ್ತಿದ್ದಾಳೆ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮುಂದಿನ ಭಾನುವಾರ ಅವಳಿಗೆ ರಜೆ. ಗುಡ್ಡೆಹೊಸೂರು ಕಡೆಯ ರಸ್ತೆಯ ಪಕ್ಕ ತಗಡಿನ ಶೆಡ್ಡಿನಲ್ಲಿ ಕೂರುವ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಮಲಯಾಳ ಮಾತಾಡುವವರು, ಇಲ್ಲೇ ಹುಟ್ಟಿದವರು, ನನ್ನಷ್ಟೇ ವಯಸ್ಸು. ನಾನು ಕಾರು ನಿಲ್ಲಿಸಿ, ನೋಟ್‌ಬುಕ್ ತೆರೆದು, ವಾಲುವಿಕೆಯ ವಿಷಯ ಪೂರ್ತಿ ಹೇಳಿದೆ. ಅವರು ಬೀಡಿ ಮುಗಿಯುವವರೆಗೆ ಕೇಳಿದರು.

"ಸಾರೇ, ನಾಲ್ಕು ಬಾಗಿಲಿಗೆ ನಾಲ್ಕು ಮೋಟಾರು," ಎಂದರು. "ನಾಲ್ಕು ಜನ ಒಂದೇ ದಿವಸ, ಒಂದೇ ಟೈಮಿಗೆ ಸಾಯ್ತಾರಾ? ಸತ್ತಿದ್ದು ಅವರಿಗೆ ಊಟ ತರುವವ. ಅವ ಎಲ್ಲಿ ಬಿದ್ದಿದ್ದಾನೆ ಅಂತ ನೋಡುವ."

ಟೆಸ್ಟ್ ಲ್ಯಾಂಪ್ ತಂದರು. ಒಂದು ಸೂಜಿ, ಒಂದು ಸಣ್ಣ ಬಲ್ಬು, ಒಂದು ತಂತಿ. ಕರೆಂಟು ಇದ್ದಲ್ಲಿ ಬಲ್ಬು ಹತ್ತುತ್ತದೆ. ಫ್ಯೂಸಿನಲ್ಲಿ ಹತ್ತಿತು. ಅಂದರೆ ಅಲ್ಲಿಯವರೆಗೆ ಊಟ ಬರುತ್ತಿದೆ. ಬಾಗಿಲು ತೆರೆದು ಒಳಗಿನ ಡೋರ್ ಪ್ಯಾಡ್ ಬಿಚ್ಚಿ, ಸ್ವಿಚ್ಚಿನ ಹಿಂದೆ ಸೂಜಿ ಇಟ್ಟರು. ಅಲ್ಲೂ ಹತ್ತಿತು. ಗುಂಡಿ ಒತ್ತಿದರು, ಗಾಜು ಇಳಿಯಿತು. ಅವರು ಹುಬ್ಬೇರಿಸಿ ನನ್ನ ನೋಟ್‌ಬುಕ್ ಕಡೆ ನೋಡಿದರು. ಇಲ್ಲಿ ನೆಲ ಸಮವಾಗಿತ್ತು.

"ಗಾಡಿ ಓಡಿಸೋದು ನೀವಾ?"

ಅಲ್ಲ, ಹೆಂಡತಿ ಎಂದೆ.

"ಹಾಗಾದ್ರೆ ನಿಮ್ಮನ್ನ ಕೇಳಿ ಏನು? ಅವರನ್ನ ಕರೀರಿ."

ಫೋನ್ ಮಾಡಿದೆ. ಅವಳು ಆಟೋದಲ್ಲಿ ಬಂದಳು. ತಲೆಗೆ ನೀರು ಹಾಕಿಕೊಂಡು ಕೂದಲಿಗೆ ಟವೆಲ್ ಕಟ್ಟಿದ್ದವಳು ಟವೆಲ್ ಬಿಚ್ಚಿ, ಒದ್ದೆ ಕೂದಲನ್ನು ಹಾಗೇ ಗಂಟು ಹಾಕಿಕೊಂಡು ಬಂದಿದ್ದಳು. ಎಲೆಕ್ಟ್ರಿಷಿಯನ್ ಅವಳಿಗೆ ಪ್ಲಾಸ್ಟಿಕ್ ಸ್ಟೂಲ್ ಕೊಟ್ಟರು. ಅವಳು ಕೂರಲಿಲ್ಲ. ಅವರು ನನ್ನ ನೋಟ್‌ಬುಕ್ಕಿನ ಯಾವ ಪ್ರಶ್ನೆಯನ್ನೂ ಅವಳಿಗೆ ಕೇಳಲಿಲ್ಲ.

"ಅಕ್ಕ, ಯಾವಾಗ ಕೆಲಸ ಮಾಡ್ತದೆ ಅಂತ ನಿಮಗೆ ಗೊತ್ತುಂಟು. ಅಲ್ವಾ?"

ಅವಳು ಒಮ್ಮೆ ನನ್ನ ಕಡೆ ನೋಡಿ, ಆಮೇಲೆ ಕಾರಿನ ಕಡೆ ನೋಡುತ್ತ ಹೇಳಿದಳು.

"ಬಾಗಿಲು ಒಂದು ಗೇಣು ತೆಗೆದ್ರೆ ಆಯ್ತದೆ. ಹಾಕಿದ್ರೆ ಇಲ್ಲ."

ಎಲೆಕ್ಟ್ರಿಷಿಯನ್ ತಲೆಯಾಡಿಸಿ, ಬಾಗಿಲನ್ನು ಮೆಲ್ಲಗೆ ಮುಚ್ಚುತ್ತ ಗುಂಡಿ ಒತ್ತಿ ಹಿಡಿದರು. ಗಾಜು ಏರುತ್ತಿತ್ತು, ಬಾಗಿಲು ಮುಚ್ಚುವ ಕ್ಷಣಕ್ಕೆ ನಿಂತಿತು. ಒಂದು ಗೇಣು ತೆರೆದರು, ಮತ್ತೆ ಏರಿತು. ಬಾಗಿಲಿಗೂ ಕಾರಿನ ಕಂಬಕ್ಕೂ ನಡುವೆ, ಕೀಲಿನ ಹತ್ತಿರ, ಬೆರಳು ದಪ್ಪದ ಮಡಿಕೆಮಡಿಕೆಯಾದ ರಬ್ಬರ್ ಕೊಳವೆ ಇರುತ್ತದೆ. ಬಾಗಿಲಿಗೆ ಹೋಗುವ ವೈರುಗಳೆಲ್ಲ ಅದರೊಳಗೆ. ಅದರ ಒಂದು ತುದಿ ಕಿತ್ತು ಹಿಂದಕ್ಕೆ ಸರಿಸಿದರು. ಹತ್ತು ಹನ್ನೆರಡು ವೈರುಗಳಲ್ಲಿ ಒಂದು ದಪ್ಪನೆಯದು ಒಳಗೆ ತುಂಡಾಗಿತ್ತು. ಮೇಲಿನ ಸಿಪ್ಪೆ ಸೀಳಿ, ತಾಮ್ರದ ಎರಡು ತುದಿಗಳು ಹಸಿರುಗಟ್ಟಿದ್ದವು. ಬಾಗಿಲು ಸ್ವಲ್ಪ ತೆರೆದಾಗ ಒಂದನ್ನೊಂದು ಮುಟ್ಟುತ್ತಿದ್ದವು, ಮುಚ್ಚಿದಾಗ ಬಿಡುತ್ತಿದ್ದವು. ನಾಲ್ಕೂ ಕಿಟಕಿಗೆ ಊಟ ಹೋಗುತ್ತಿದ್ದದ್ದು ಆ ಒಂದೇ ವೈರಿನಲ್ಲಿ. ಗ್ಯಾರೇಜಿನಲ್ಲಿ ಬಾಗಿಲು ತೆರೆದು ಸ್ವಿಚ್ ಹಾಕಿದಾಗ ಯಾಕೆ ಆಗಿತ್ತು, ಮನೆಗೆ ಬಂದಾಗ ಯಾಕೆ ಆಗಲಿಲ್ಲ ಎಂಬುದು ಅಲ್ಲಿಗೆ ಗೊತ್ತಾಯಿತು.

ಅವರು ಇನ್ನೆರಡು ವೈರುಗಳನ್ನು ಉಗುರಿನಿಂದ ಬಾಗಿಸಿ ನೋಡಿದರು. ಅವೂ ಸವೆದಿದ್ದವು.

"ಇದು ಟ್ಯಾಕ್ಸಿ ಬಾಗಿಲಿನ ಹಾಗೆ ಆಗಿದೆ," ಎಂದರು. "ಒಬ್ಬರೇ ಓಡಿಸುವ ಗಾಡಿಯಲ್ಲಿ ಇಷ್ಟು ಸವೆಯಲ್ಲ. ದಿವಸಕ್ಕೆ ಎಷ್ಟು ಸಲ ತೆಗೀತೀರಿ ಅಕ್ಕ?"

"ಲೆಕ್ಕ ಇಟ್ಟಿಲ್ಲ," ಎಂದಳು. ಆಮೇಲೆ, "ಹತ್ತು ಹನ್ನೆರಡು ಸಲ. ಹೋಗ್ತಾ."

"ರಸ್ತೆಯಲ್ಲಾ?"

"ಹೂಂ."

"ಯಾಕೆ?"

"ಲದ್ದಿ ನೋಡಕ್ಕೆ."

ಎಲೆಕ್ಟ್ರಿಷಿಯನ್‌ಗೆ ಅರ್ಥವಾಯಿತು. ಅವರು ವೈರು ತರುತ್ತೇನೆಂದು ಶೆಡ್ಡಿನ ಒಳಗೆ ಹೋದರು. ನನಗೂ ಅರ್ಥವಾಗಿತ್ತು, ಆದರೆ ಅವಳ ಬಾಯಿಂದ ಕೇಳಬೇಕಿತ್ತು. ಸ್ಟೂಲನ್ನು ಅವಳ ಕಡೆ ಸರಿಸಿದೆ. ಈಗ ಕೂತಳು. ಮಳೆ ಸಣ್ಣಗೆ ತಗಡಿನ ಮೇಲೆ ಶುರುವಾಗಿತ್ತು.

ಅವಳು ಹೇಳಿದ್ದರ ಸಾರಾಂಶ ಇದು. ಗಾಜು ಇಳಿಸಿ ಕೇಳುವುದು ಅರ್ಧ ಕೆಲಸ. ಸುಮ್ಮನೆ ನಿಂತ ಆನೆ ಸದ್ದು ಮಾಡುವುದಿಲ್ಲ. ಅದು ದಾಟಿ ಹೋಗಿದೆಯೇ, ಇನ್ನೂ ಈ ಕಡೆಯೇ ಇದೆಯೇ ಎಂಬುದು ನೆಲದಲ್ಲಿರುತ್ತದೆ. ಕಿಟಕಿಯಿಂದ ನೆಲ ಕಾಣುವುದಿಲ್ಲ. ಹಾಗಾಗಿ ಬಾಗಿಲನ್ನು ಒಂದು ಗೇಣು ತೆರೆದು, ತಲೆ ಹೊರಗೆ ಹಾಕಿ, ಬಗ್ಗಿ ನೋಡುತ್ತಾಳೆ. ಹೆಜ್ಜೆಯ ಅಂಚು ಚೂಪಾಗಿದೆಯೇ, ಅದರಲ್ಲಿ ನೀರು ತುಂಬಿದೆಯೇ. ಲದ್ದಿಯಿಂದ ಹಬೆ ಏಳುತ್ತಿದೆಯೇ. ಕೈಗೆ ಎಟುಕಿದರೆ ಕೈಯ ಹಿಂಭಾಗದಿಂದ ಮುಟ್ಟಿ ನೋಡುತ್ತಾಳೆ; ತಣ್ಣಗಿದ್ದರೆ ಆನೆ ದೂರ ಹೋಗಿದೆ ಎಂದು ಲೆಕ್ಕ. ಬಾಗಿಲು ಹಾಕಿದ ಸದ್ದು ಆಗಬಾರದೆಂದು ಅದನ್ನು ಕೈಯಲ್ಲಿ ಹಿಡಿದುಕೊಂಡೇ, ತೆರೆದಂತೆಯೇ, ಮೊದಲ ಗೇರಿನಲ್ಲಿ ತಿರುವು ದಾಟುತ್ತಾಳೆ. ಇದನ್ನು ಕಲಿಸಿದವನು ತೋಟದ ಹಳೆಯ ಕಾವಲುಗಾರ, ಜೀಪಿನ ಕಾಲದಲ್ಲಿ. ಏಳು ವರ್ಷ ದಿನವೂ ಮಾಡಿದ್ದಾಳೆ. ಕಿಟಕಿ ಕೆಟ್ಟ ಮೇಲೆ, ಕೇಳುವುದಕ್ಕೂ ಬಾಗಿಲನ್ನೇ ತೆರೆಯಬೇಕಾಗಿ, ಇನ್ನಷ್ಟು ಸಲ ತೆರೆದಿದ್ದಾಳೆ. ಹಾಗೆ ತೆರೆದಾಗಲೇ ಒಂದು ದಿನ ಗುಂಡಿಗೆ ಕೈ ತಾಗಿ ಗಾಜು ಇಳಿದದ್ದು.

ಒಂಟಿ ಸಲಗದ ಶುಕ್ರವಾರ ಹಾಲಿನ ವ್ಯಾನು ಇದ್ದದ್ದು ನಿಜವೇ ಎಂದು ಕೇಳಿದೆ. ನಿಜ, ಆದರೆ ವ್ಯಾನು ಬರುವವರೆಗೆ ಹದಿನೈದು ನಿಮಿಷ ಬಾಗಿಲು ಹಿಡಿದುಕೊಂಡು ಕೂತಿದ್ದೆ ಎಂದಳು.

ಪ್ರತಿ ಮಳೆಗಾಲ ಅರಣ್ಯ ಇಲಾಖೆ ಒಂದು ಪ್ರಕಟಣೆ ಕಳಿಸುತ್ತಿತ್ತು. ಆನೆ ಸಂಚಾರವಿರುವ ರಸ್ತೆಗಳಲ್ಲಿ ಯಾವುದೇ ಕಾರಣಕ್ಕೂ ವಾಹನದ ಬಾಗಿಲು ತೆರೆಯಬೇಡಿ, ಕೆಳಗಿಳಿಯಬೇಡಿ. ಅದನ್ನು ಸುದ್ದಿಗೆ ಇಳಿಸಿ, ಕಪ್ಪು ಅಕ್ಷರದಲ್ಲಿ ಚೌಕಟ್ಟು ಹಾಕಿಸುತ್ತಿದ್ದವನು ನಾನು. ಪತ್ರಿಕೆ ಮಧ್ಯಾಹ್ನದ ಹೊತ್ತಿಗೆ ತೋಟದ ಆಫೀಸಿಗೆ ಹೋಗುತ್ತಿತ್ತು.

"ನೀವು ಹಾಕಿದ್ದನ್ನ ಪ್ರತಿ ವರ್ಷ ಓದ್ತಿದ್ದೆ," ಎಂದಳು. "ಅದಕ್ಕೇ ಹೇಳ್ಲಿಲ್ಲ. ಹೇಳಿದ್ರೆ ನೀವು ಮಲಗ್ತಿರ್ಲಿಲ್ಲ."

ಅವಳ ಬಲಗೈ ಮಡಿಲಲ್ಲಿತ್ತು. ಬಾಗಿಲಿನ ಹಿಡಿ ಒತ್ತುವ ಜಾಗದಲ್ಲಿ, ಕಿರುಬೆರಳಿನ ಕೆಳಗೆ, ಚರ್ಮ ಗಟ್ಟಿಯಾಗಿ ಹಳದಿಗಟ್ಟಿತ್ತು. ಅದು ಪೆನ್ನು ಹಿಡಿದು ಆದದ್ದೆಂದು ನಾನು ತಿಳಿದಿದ್ದೆ. ಪೆನ್ನು ಅಲ್ಲಿ ತಾಗುವುದಿಲ್ಲ.

ಎಲೆಕ್ಟ್ರಿಷಿಯನ್ ಮೂರು ವೈರುಗಳನ್ನು ಬದಲಿಸಿದರು. ತುಂಡಾದ ಜಾಗದಲ್ಲೇ ಗಂಟು ಹಾಕಿದರೆ ಬಾಗಿಲು ಮಡಚುವಾಗ ಮತ್ತೆ ಅಲ್ಲೇ ತುಂಡಾಗುತ್ತದೆಂದು, ಒಂದೂವರೆ ಗೇಣು ಉದ್ದದ ಹೊಸ ಮೆತ್ತನೆಯ ವೈರು ಹಾಕಿ, ಎರಡೂ ಬೆಸುಗೆಗಳನ್ನು ರಬ್ಬರ್ ಕೊಳವೆಯ ಆಚೆಗೊಂದು ಈಚೆಗೊಂದು ಬರುವಂತೆ ಮಾಡಿದರು. ಎರಡು ಗಂಟೆ ಹಿಡಿಯಿತು. ನಡುವೆ ಪಕ್ಕದ ಹೋಟೆಲಿನಿಂದ ಚಹಾ ಬಂತು. ಬಾಗಿಲು ಹಾಕಿ ಗುಂಡಿ ಒತ್ತಿದರು. ನಾಲ್ಕೂ ಇಳಿದವು. ನಾಲ್ಕೂ ಹತ್ತಿದವು. ನಾನು ಬಾಗಿಲನ್ನು ಇಪ್ಪತ್ತು ಸಲ ತೆರೆದು ಮುಚ್ಚಿ ನೋಡಿದೆ. ಅವಳು, ಸಾಕು, ಇವತ್ತಿನ ಲೆಕ್ಕ ಮುಗೀತು ಎಂದಳು.

ಹೊರಡುವಾಗ ಎಲೆಕ್ಟ್ರಿಷಿಯನ್ ಅವಳಿಗೆ ಬಾಗಿಲು ತೆಗೆಯಬೇಡಿ ಎಂದು ಹೇಳಲಿಲ್ಲ. ಒಳಗೆ ಹೋಗಿ, ಲಾರಿಗೆ ಹಾಕುವ ಒಂದು ದುಂಡನೆಯ ಉಬ್ಬು ಕನ್ನಡಿ ತಂದು, ಒರೆಸಿ, ಬಾಗಿಲಿನ ಹೊರಗನ್ನಡಿಯ ಕೆಳಗೆ ತಂತಿಯಿಂದ ಬಿಗಿದು, ನೆಲದ ಕಡೆ ಬಗ್ಗಿಸಿದರು. ಲಾರಿಯವರು ಚರಂಡಿ ನೋಡಲು ಹೀಗೆ ಹಾಕಿಕೊಳ್ಳುತ್ತಾರೆ, ಇದರಲ್ಲಿ ಮುಂದಿನ ಚಕ್ರದ ಪಕ್ಕದ ನೆಲ ಕಾಣುತ್ತದೆ, ಬಿಸಿಯೋ ತಣ್ಣಗೋ ಅದು ಹೇಳುವುದಿಲ್ಲ ಎಂದರು. ಅವಳು ಸೀಟಿನಲ್ಲಿ ಕೂತು, ಕನ್ನಡಿಯನ್ನು ಎರಡು ಸಲ ಸರಿಪಡಿಸಿಕೊಂಡಳು. ಅದಕ್ಕೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

ಸೋಮವಾರ ಬೆಳಿಗ್ಗೆ ನಾನೂ ಹೋದೆ. ಷರತ್ತು ಅವಳದು: ಡಾಂಬರು ಬಿಟ್ಟ ಮೇಲೆ ಒಂದು ಮಾತೂ ಆಡಬಾರದು, ಕೆಮ್ಮು ಬಂದರೆ ಬಾಯಿಗೆ ಟವೆಲ್. ಮೊದಲ ತಿರುವಿಗೆ ಮುಂಚೆ ಎಂಜಿನ್ ನಿಲ್ಲಿಸಿ ಗಾಜು ಇಳಿಸಿದಳು. ಮಂಜು ಒಳಗೆ ಬಂತು. ಸಿಲ್ವರ್ ಓಕ್ ಮರಗಳಿಂದ ಹನಿ ಬೀಳುವುದು, ಎಲ್ಲೋ ಒಂದು ಜೀರುಂಡೆ, ಎಂಜಿನ್ ಆರುವ ಟಿಕ್ ಟಿಕ್. ಅವಳು ಕಣ್ಣು ಮುಚ್ಚಿರಲಿಲ್ಲ, ಆದರೆ ಏನನ್ನೂ ನೋಡುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅವಳ ಆ ಮುಖವನ್ನು ನಾನು ನೋಡಿರಲಿಲ್ಲ. ಆಮೇಲೆ ಕನ್ನಡಿ ನೋಡಿ, ಎಂಜಿನ್ ಚಾಲೂ ಮಾಡಿದಳು.

ಎರಡನೇ ತಿರುವಿನಲ್ಲಿ ಅವಳು ಕಿವಿಗೊಟ್ಟ ಮೇಲೂ ಎಂಜಿನ್ ಚಾಲೂ ಮಾಡಲಿಲ್ಲ. ನನಗೆ ಏನೂ ಕೇಳಿಸಿರಲಿಲ್ಲ. ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದಳು, ಅಲುಗಬೇಡಿ ಎಂದು. ಆಗ ಕೇಳಿಸಿತು: ಬಲಗಡೆ, ಬಿದಿರಿನೊಳಗೆ, ಯಾರೋ ದೊಡ್ಡವರು ಉಸಿರು ಬಿಟ್ಟಂತೆ. ಸ್ವಲ್ಪ ಹೊತ್ತಿಗೆ ಬಿದಿರು ಸರಿಯುವ ಸದ್ದು. ಅದು ದೂರವಾಗುತ್ತ ಹೋಯಿತು. ಹನ್ನೊಂದು ನಿಮಿಷ ನಾವು ಹಾಗೆ ಕೂತಿದ್ದೆವು. ಅವಳ ಕೈ ಅಷ್ಟೂ ಹೊತ್ತು ಅಲ್ಲೇ ಇತ್ತು. ಆನೆಯ ಯಾವ ಭಾಗವೂ ನಮಗೆ ಕಾಣಲಿಲ್ಲ.

ತೋಟದ ಆಫೀಸು ತಲುಪಿದಾಗ ಏಳೂ ಇಪ್ಪತ್ತೆರಡು. ಜನ ಕೊಡೆ, ಮಳೆಗೆ ಹೊದೆಯುವ ಗೊರಗೆ ಹಿಡಿದು ನಿಂತಿದ್ದರು. ಒಬ್ಬಳು, ಇವತ್ತು ರೈಟರಮ್ಮ ಎಸ್ಕಾರ್ಟ್ ಕರ್ಕೊಂಡು ಬಂದವ್ರೆ ಎಂದಳು. ನನ್ನ ಹೆಂಡತಿ ನಗದೆ ಪುಸ್ತಕ ತೆರೆದಳು. ನಾನು ಹಾಲಿನ ವ್ಯಾನಿನಲ್ಲಿ ವಾಪಸು ಬಂದೆ.

ಆ ಸಂಜೆ ಎರಡು ಮಾತುಗಳಾದವು. ನಾನು ಜೊತೆಗೆ ಬರುವುದು ಬೇಡ, ಎರಡು ಜೋಡಿ ಕಿವಿಯಿದ್ದರೆ ಒಂದು ಜೋಡಿಯ ಮೇಲೆ ಭಾರ ಹಾಕಿ ಇನ್ನೊಂದು ಸುಮ್ಮನಾಗುತ್ತದೆ ಎಂಬುದು ಅವಳದು. ಆಫೀಸು ತಲುಪಿದ ಕೂಡಲೇ ಫೋನಿನಲ್ಲಿ ಒಂದು ಸಾಲು ಕಳಿಸಬೇಕು, ಏನಾಯಿತೋ ಹಾಗೇ ಬರೆಯಬೇಕು, ನನ್ನ ನಿದ್ದೆಯ ಬಗ್ಗೆ ಯೋಚಿಸಿ ಏನನ್ನೂ ಬಿಡಬಾರದು ಎಂಬುದು ನನ್ನದು. ಎರಡಕ್ಕೂ ಒಪ್ಪಿಗೆಯಾಯಿತು.

ಅಂದಿನಿಂದ ರಜೆಯ ದಿನ ಬಿಟ್ಟು ದಿನವೂ ಸಂದೇಶ ಬರುತ್ತಿದೆ. ಹೆಚ್ಚಿನವು ಒಂದೇ ಪದ. ಒಂದು ದಿನದ್ದು, ಬಾಗಿಲು ತೆಗೆದೆ, ಕನ್ನಡಿಯಲ್ಲಿ ಗೊತ್ತಾಗಲಿಲ್ಲ, ಎಂದಿತ್ತು. ಇವತ್ತಿನದು ಏಳೂ ಹದಿನೆಂಟಕ್ಕೆ ಬಂದಿದೆ: "ತಲುಪಿದೆ. ಒಂದೇ ಕಡೆ ನಿಲ್ಲಿಸಿದೆ. ಮೂರು ದಾಟಿದವು, ಒಂದು ಮರಿ."